ಕಾಡಲ್ಲಿ ಒಂದು ದಿನದ ನಡಿಗೆ: ಮೊದಲು ಗಡಿಯಾರ, ಆಮೇಲೆ ಬೂಟು

ರಾಷ್ಟ್ರೀಯ ಉದ್ಯಾನಕ್ಕೋ ಅಭಯಾರಣ್ಯಕ್ಕೋ ಮೊದಲ ಸಲ ನಡೆಯಲು ಹೊರಟವರು ಕೇಳುವುದು ಬೂಟಿನ ವಿಚಾರ. ಯಾವ ಕಂಪನಿದು ಒಳ್ಳೇದು, ಕಣಕಾಲು ಮುಚ್ಚಬೇಕಾ, ನೀರು ಹೋಗದಂಥದ್ದೇ ಬೇಕಾ. ನಾನು ತಿರುಗಿ ಕೇಳುವುದು ಬೇರೆ. ಎಷ್ಟು ಗಂಟೆಗೆ ಹೊರಡ್ತೀರಿ? ಎಷ್ಟು ಗಂಟೆಗೆ ಹಿಂದಕ್ಕೆ ತಿರುಗ್ತೀರಿ? ಮೊದಲನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ. ಎರಡನೆಯದಕ್ಕೆ "ತುದಿ ಮುಟ್ಟಿದ ಮೇಲೆ" ಅಂತಾರೆ. ಆ ತುದಿ ಗಡಿಯಾರದಲ್ಲಿ ಎಲ್ಲಿದೆ ಅಂತ ಕೇಳಿದರೆ ನಗುತ್ತಾರೆ.

ನಮ್ಮ ಗುಂಪಿನಲ್ಲಿ ನಕ್ಷೆ ಹಿಡಿಯೋದು, ಹೊತ್ತಿನ ಲೆಕ್ಕ ಇಡೋದು ನನ್ನ ಕೆಲಸ. ನನ್ನ ಮಂಡಿ ಅಷ್ಟು ಗಟ್ಟಿ ಇಲ್ಲ. ಇಳಿಜಾರಿನಲ್ಲಿ ಎಲ್ಲರಿಗಿಂತ ನಾನೇ ನಿಧಾನ. ನಿಧಾನದವರಿಗೆ ಲೆಕ್ಕ ಸರಿ ಇರಲೇಬೇಕು, ಇಲ್ಲದಿದ್ದರೆ ಕತ್ತಲಾಗುವುದು ಗ್ಯಾರಂಟಿ. ಇನ್ನೊಂದು ಮಾತೂ ಇದೆ. ಕಾಡಿಗೆ ಹೋಗುವುದು ನೋಡೋದಕ್ಕೆ ತಾನೇ? ನೋಡಲು ಸಮಯ ಸಿಗುವುದು ನಡೆಯುವ ಸಮಯವನ್ನು ಮೊದಲೇ ಅಳೆದಿಟ್ಟವರಿಗೆ ಮಾತ್ರ. ಉಳಿದವರು ಕಾಡನ್ನು ದಾಟಿ ಬರುತ್ತಾರೆ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಬೆಳಿಗ್ಗೆ ಒಳಗೆ ಹೋಗಿ ಸಂಜೆಯೊಳಗೆ ಹೊರಗೆ ಬರುವ ನಡಿಗೆಯ ಬಗ್ಗೆ. ಟೆಂಟ್ ಹೊತ್ತು ರಾತ್ರಿ ಉಳಿಯುವುದು ಬೇರೆಯೇ ವಿದ್ಯೆ.

ಒಳಗೆ ನಡೆಯಲು ಬಿಡ್ತಾರಾ?

ರಾಷ್ಟ್ರೀಯ ಉದ್ಯಾನ ಎಂಬ ಹೆಸರಿದ್ದ ಕಡೆಯೆಲ್ಲ ಕಾಲ್ನಡಿಗೆಯಲ್ಲಿ ತಿರುಗಬಹುದು ಅಂತೇನಿಲ್ಲ. 1872ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನವಾದಾಗಿನಿಂದ ಈ ಹೆಸರು ಲೋಕವೆಲ್ಲ ಹರಡಿದೆ. ಆದರೆ ನಿಯಮ ಒಂದೊಂದು ಕಡೆ ಒಂದೊಂದು ಥರ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಗುರುತು ಮಾಡಿದ ಕೆಲವು ಜಾಗ ಬಿಟ್ಟರೆ ಗಾಡಿಯಿಂದ ಕೆಳಗೆ ಇಳಿಯುವಂತಿಲ್ಲ. ನಡೆಯಬೇಕು ಅಂದರೆ ಬಂದೂಕು ಹಿಡಿದ ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಗಾಲಾಪಗೋಸ್ ದ್ವೀಪಗಳ ಉದ್ಯಾನದಲ್ಲಿ ಹೆಚ್ಚಿನ ತಾಣಗಳಿಗೆ ಪರವಾನಗಿ ಪಡೆದ ಗೈಡ್ ಇಲ್ಲದೆ ಹೋಗುವಂತಿಲ್ಲ, ಪ್ರಾಣಿಗಳಿಂದ ಕನಿಷ್ಠ 2 ಮೀಟರ್ ದೂರ ಇರಬೇಕು. ಪೆರುವಿನ ಇಂಕಾ ಟ್ರೇಲ್‌ಗೆ ದಿನಕ್ಕೆ 500 ಜನ ಮಾತ್ರ. ಆ 500ರಲ್ಲಿ ಗೈಡುಗಳು, ಹೊರೆ ಹೊರುವವರು ಎಲ್ಲರೂ ಸೇರಿದ್ದಾರೆ. ಫೆಬ್ರವರಿ ಪೂರ್ತಿ ಆ ದಾರಿ ಮುಚ್ಚಿರುತ್ತದೆ. ಅಮೆರಿಕದ ಯೊಸೆಮಿಟಿ ಉದ್ಯಾನದ ಹಾಫ್ ಡೋಮ್ ಬಂಡೆಯನ್ನು ಕೇಬಲ್ ಹಿಡಿದು ಹತ್ತಲು ಪರ್ಮಿಟ್ ಬೇಕು, ಅದನ್ನು ಲಾಟರಿ ಎತ್ತಿ ಕೊಡುತ್ತಾರೆ.

ಹಾಗಾಗಿ ದಿನ ಗೊತ್ತು ಮಾಡುವ ಮೊದಲು ಆ ಉದ್ಯಾನದ ಅಧಿಕೃತ ಜಾಲತಾಣ ನೋಡಿ. ಯಾರೋ ಹಾಕಿದ ವಿಡಿಯೋ ನಂಬಬೇಡಿ. ಅದು ಚಿತ್ರೀಕರಿಸಿದ್ದು ಯಾವ ಕಾಲದಲ್ಲೋ. ದಾರಿ ಕುಸಿದಿರಬಹುದು, ಕಾಳ್ಗಿಚ್ಚಿನ ಕಾರಣಕ್ಕೆ ಮುಚ್ಚಿರಬಹುದು, ಹದ್ದು ಗೂಡು ಕಟ್ಟಿದೆ ಅಂತ ಒಂದು ಬಂಡೆಯ ಸುತ್ತ ಯಾರನ್ನೂ ಬಿಡದೇ ಇರಬಹುದು.

ಗೇಟಿನಲ್ಲಿ ಟಿಕೆಟ್ ತಗೊಂಡು ಸುಮ್ನೆ ಮುಂದೆ ಹೋಗಬೇಡಿ. ಅಲ್ಲಿರುವ ರೇಂಜರ್ ಹತ್ತಿರವೋ ಗಾರ್ಡ್ ಹತ್ತಿರವೋ ಎರಡು ನಿಮಿಷ ಮಾತಾಡಿ. ಯಾವ ದಾರಿ ಮುಚ್ಚಿದೆ, ತೊರೆಗಳಲ್ಲಿ ಈಗ ನೀರು ಎಷ್ಟಿದೆ, ಈ ವಾರ ಯಾವ ಪ್ರಾಣಿ ಎಲ್ಲಿ ಓಡಾಡುತ್ತಿದೆ ಅಂತ ಕೇಳಿ. ಕೊನೆಯ ಪ್ರಶ್ನೆ ಕೇಳಿದರೆ ಅವರ ಮುಖವೇ ಬದಲಾಗುತ್ತೆ. ದಿನವಿಡೀ "ಶೌಚಾಲಯ ಎಲ್ಲಿ, ಫೋಟೋ ಪಾಯಿಂಟ್ ಎಲ್ಲಿ" ಅಂತ ಕೇಳಿಸಿಕೊಂಡವರು ಅವರು. ನನಗೆ ಸಿಕ್ಕ ಒಳ್ಳೆಯ ದಾರಿಗಳಲ್ಲಿ ಹೆಚ್ಚಿನವು ನಕ್ಷೆಯಲ್ಲಿ ಕಂಡವಲ್ಲ, ಹೀಗೆ ಕೌಂಟರಿನಲ್ಲಿ ನಿಂತು ಕೇಳಿ ತಿಳಿದವು.

ಗಂಟೆಗಳ ಲೆಕ್ಕ

ಬಯಲಿನಲ್ಲಿ ಗಂಟೆಗೆ 5 ಕಿಲೋಮೀಟರ್ ನಡೆಯುತ್ತೇವೆ, 12 ಕಿಲೋಮೀಟರ್ ಅಂದರೆ ಎರಡೂವರೆ ಗಂಟೆ ಸಾಕು ಅನ್ನುವವರೇ ಜಾಸ್ತಿ. ಏರು ಇರುವ ಕಡೆ ಈ ಲೆಕ್ಕ ನಡೆಯಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೆ ಒಂದು ಸೂತ್ರ ಕೊಟ್ಟ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇವತ್ತಿಗೂ ಇದಕ್ಕಿಂತ ಸರಳವಾದದ್ದು ಸಿಕ್ಕಿಲ್ಲ.

ಆದರೆ ಅದು ಗಟ್ಟಿಮುಟ್ಟಾದ ಒಬ್ಬ ಮನುಷ್ಯ ಎಲ್ಲೂ ನಿಲ್ಲದೆ ನಡೆದಾಗಿನ ಲೆಕ್ಕ. ನಮ್ಮಂಥವರು ನೀರು ಕುಡಿಯುತ್ತೇವೆ, ಶೂ ಲೇಸ್ ಕಟ್ಟುತ್ತೇವೆ, ಉಸಿರು ಬಿಡುತ್ತಾ ನಿಂತು "ಎಷ್ಟು ಚೆನ್ನಾಗಿದೆ ಅಲ್ವಾ" ಅನ್ನುತ್ತೇವೆ. ಅದಕ್ಕೆ ನಾನು ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸುತ್ತೇನೆ.

ಒಂದು ಉದಾಹರಣೆ ಮಾಡಿಯೇ ತೋರಿಸುತ್ತೇನೆ. ಹೋಗುವಾಗ 6 ಕಿಲೋಮೀಟರ್, ಒಟ್ಟು ಏರು 600 ಮೀಟರ್, ಅದೇ ದಾರಿಯಲ್ಲಿ ವಾಪಸ್ಸು. ಮೇಲೆ ಹೋಗಲು ದೂರಕ್ಕೆ 1 ಗಂಟೆ 12 ನಿಮಿಷ, ಏರಿಗೆ 1 ಗಂಟೆ, ಒಟ್ಟು 2 ಗಂಟೆ 12 ನಿಮಿಷ. ಒಂದೂವರೆ ಪಟ್ಟು ಮಾಡಿದರೆ 3 ಗಂಟೆ 20 ನಿಮಿಷದ ಹತ್ತಿರ. ಇಳಿಯುವುದಕ್ಕೆ ದೂರದ 1 ಗಂಟೆ 12 ನಿಮಿಷವನ್ನಷ್ಟೇ ಒಂದೂವರೆ ಪಟ್ಟು ಮಾಡಿದರೆ 1 ಗಂಟೆ 48 ನಿಮಿಷ ಸಾಕು. ನನ್ನ ಮಂಡಿಯನ್ನು ಕೇಳಿದರೆ ಎರಡೂವರೆ ಗಂಟೆ ಅನ್ನುತ್ತದೆ, ಅದನ್ನೇ ಬರೆದುಕೊಳ್ಳುತ್ತೇನೆ. ಕಡಿದಾದ ಇಳಿಜಾರು ಏರಿನಷ್ಟೇ ಹೊತ್ತು ತಿನ್ನುತ್ತದೆ, ಅದರಲ್ಲೂ ಸಡಿಲ ಕಲ್ಲಿದ್ದರೆ.

ಈಗ ಹಿಂದಿನಿಂದ ಎಣಿಸಿ. ಗೇಟು ಸಂಜೆ 5ಕ್ಕೆ ಮುಚ್ಚುತ್ತದೆ ಅನ್ನೋಣ. ನಾನು 4ಕ್ಕೆ ಹೊರಗಿರಬೇಕು, ಉಳಿದ ಒಂದು ಗಂಟೆ, ಯಾರದ್ದಾದರೂ ಕಾಲು ಉಳುಕಿದರೆ ಅಂತ ಇಟ್ಟದ್ದು. ನಾಲ್ಕರಿಂದ ಎರಡೂವರೆ ಕಳೆದರೆ ಒಂದೂವರೆ. ಮಧ್ಯಾಹ್ನ ಮೋಡ ಕಟ್ಟುವ ಬೆಟ್ಟವಾದರೆ ಇನ್ನೊಂದು ಗಂಟೆ ಹಿಂದಕ್ಕೆ ತಂದು ಹನ್ನೆರಡೂವರೆ ಅಂತ ಇಡುತ್ತೇನೆ. ಇದು ತಿರುಗುವ ಹೊತ್ತು. ಇದನ್ನು ಹೊರಡುವ ಮೊದಲು ಎಲ್ಲರೆದುರು ಜೋರಾಗಿ ಹೇಳುತ್ತೇನೆ, ಫೋನಿನಲ್ಲಿ ಅಲಾರಂ ಕೂಡ ಇಡುತ್ತೇನೆ. ಅದು ಬಡಿದಾಗ ತುದಿ ಇನ್ನು ಹತ್ತೇ ನಿಮಿಷ ಇದ್ದರೂ ತಿರುಗುತ್ತೇವೆ. "ಹತ್ತೇ ನಿಮಿಷ" ಅಂತ ಹೇಳುವವನಿಗೂ ಆ ತುದಿ ಹೊಸದೇ ಆಗಿರುತ್ತೆ, ಅವನಿಗೆ ಹೇಗೆ ಗೊತ್ತು?

ಬೆಳಿಗ್ಗೆ 7ಕ್ಕೆ ಹೊರಟರೆ 10:20ಕ್ಕೆಲ್ಲ ಮೇಲೆ ಇರುತ್ತೇವೆ. ಹನ್ನೆರಡೂವರೆ ತನಕ ಎರಡು ಗಂಟೆಗೂ ಜಾಸ್ತಿ ಸಮಯ ಕೈಯಲ್ಲಿ ಉಳಿಯಿತು. ನಾನು ಹೋಗುವುದು ಆ ಎರಡು ಗಂಟೆಗೆ.

ಕಣಿವೆಗಳಲ್ಲಿ ಇದೆಲ್ಲ ತಿರುಗುಮುರುಗು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮೊದಲು ಇಳಿಯುವುದು, ಸುಸ್ತಾದ ಮೇಲೆ ಹತ್ತುವುದು. ದಕ್ಷಿಣ ಅಂಚಿನಿಂದ ಕೆಳಗಿನ ನದಿಗೆ ಸುಮಾರು 1,400 ಮೀಟರ್ ಇಳಿತ. ಇಳಿದಂತೆಲ್ಲ ಸೆಕೆ ಏರುತ್ತದೆ. ಇಳಿಯಲು ಹಿಡಿದದ್ದರ ಎರಡು ಪಟ್ಟು ಹೊತ್ತು ಹತ್ತಲು ಬೇಕು ಅಂತ ಅಲ್ಲಿನ ರೇಂಜರ್‌ಗಳು ಹೇಳುತ್ತಾರೆ. ಒಂದೇ ದಿನದಲ್ಲಿ ನದಿ ಮುಟ್ಟಿ ಮೇಲೆ ಬರುವ ಸಾಹಸ ಬೇಡ ಅಂತಲೂ ಬೋರ್ಡ್ ಹಾಕಿ ಎಚ್ಚರಿಸುತ್ತಾರೆ. ಹಾಗಾಗಿ ಕಣಿವೆಗೆ ಇಳಿಯುವುದಾದರೆ ನಿಮ್ಮ ಹತ್ತಿರ ಇರುವ ಒಟ್ಟು ಹೊತ್ತಿನ ಮೂರನೇ ಒಂದು ಭಾಗ ಮುಗಿದ ಕೂಡಲೇ ತಿರುಗಿ.

ವಾಚು ನಿಂತುಹೋದರೆ? ಕೈ ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಬರುವಂತೆ ಸೂರ್ಯನ ಕೆಳಗೆ ಹಿಡಿಯಿರಿ. ಸೂರ್ಯನನ್ನೇ ದಿಟ್ಟಿಸಬೇಡಿ. ಸೂರ್ಯನಿಗೂ ದಿಗಂತಕ್ಕೂ ನಡುವೆ ಹಿಡಿಸುವ ಒಂದೊಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ. ಧ್ರುವಗಳ ಕಡೆಯ ದೇಶಗಳಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಇನ್ನೂ ಸ್ವಲ್ಪ ಜಾಸ್ತಿ ಸಿಗುತ್ತದೆ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಮುಳುಗಿದ ಮೇಲೆ ಕತ್ತಲಾಗಲು ಹೆಚ್ಚು ಹೊತ್ತು ಬೇಡ. ದಟ್ಟ ಕಾಡಿನೊಳಗಂತೂ ಹೊರಗಿನ ಸಂಜೆಗೆ ಮುಂಚೆಯೇ ಕತ್ತಲೆ.

ನಕ್ಷೆ ಓದುವುದು

ಕಾಗದದ ನಕ್ಷೆ ಒಂದು ಇರಲಿ. 1:50,000 ಅಳತೆಯದಾದರೆ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. 1:25,000 ಆದರೆ 4 ಸೆಂಟಿಮೀಟರ್. ಅದರ ಮೇಲೆ ಕಂದು ಬಣ್ಣದ ಸುತ್ತು ಸುತ್ತು ಗೆರೆಗಳಿರುತ್ತವಲ್ಲ, ಅವು ಕಾಂಟೂರ್ ಗೆರೆಗಳು. ಒಂದು ಗೆರೆಯ ಮೇಲೆ ಉದ್ದಕ್ಕೂ ನಡೆದರೆ ಎತ್ತರ ಬದಲಾಗುವುದಿಲ್ಲ. ಗೆರೆಯಿಂದ ಗೆರೆಗೆ 20 ಮೀಟರ್ ಅಂತ ಮೂಲೆಯಲ್ಲಿ ಬರೆದಿದ್ದರೆ, ಐದು ಗೆರೆ ದಾಟಿದಾಗ 100 ಮೀಟರ್ ಹತ್ತಿದಿರಿ. ಗೆರೆಗಳು ದೂರ ದೂರ ಇದ್ದರೆ ಆರಾಮ. ಒತ್ತೊತ್ತಾಗಿ ಅಂಟಿಕೊಂಡಿದ್ದರೆ ಕೈಯೂರಿ ಹತ್ತಬೇಕಾದ ಕಡಿದು. ನೈಸ್ಮಿತ್ ಸೂತ್ರಕ್ಕೆ ಬೇಕಾದ ಏರು ಸಿಗುವುದು ಈ ಗೆರೆ ಎಣಿಸಿಯೇ. ನಡುವೆ ಇಳಿದು ಮತ್ತೆ ಹತ್ತುವ ದಾರಿಯಾದರೆ ಆ ಏರನ್ನೂ ಸೇರಿಸಿ. ಶುರುವಿನ ಎತ್ತರ, ತುದಿಯ ಎತ್ತರ ಎರಡನ್ನು ಮಾತ್ರ ಕಳೆದು ನೋಡುವವರು ಇಲ್ಲೇ ಮೋಸ ಹೋಗುವುದು.

ಫೋನಿನ ಬಗ್ಗೆ ನನಗೆ ತಕರಾರಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕಿ ಮಾತ್ರ ಕಾಣುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸಾಯುತ್ತದೆ. ಚಳಿ ಇದ್ದರೆ ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ.

ಕವಲು ಬಂದಾಗ ಮಾಡಬೇಕಾದ ಒಂದು ಕೆಲಸ ಇದೆ, ತುಂಬಾ ಜನ ಮಾಡುವುದಿಲ್ಲ. ಹಿಂದಕ್ಕೆ ತಿರುಗಿ ನೋಡುವುದು. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯೇ ಥರ ಕಾಣುತ್ತದೆ. ನಾನು ಕವಲು ದಾಟಿ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ಒಂದು ಫೋಟೋ ತೆಗೆಯುತ್ತೇನೆ. ಸಂಜೆ ಅಲ್ಲಿಗೆ ಬಂದು "ಎಡಕ್ಕೋ ಬಲಕ್ಕೋ" ಅನ್ನುವಾಗ ಆ ಫೋಟೋ ತೋರಿಸಿದರೆ ಜಗಳ ಮುಗಿಯಿತು.

ಕಾಲು, ಬ್ಯಾಗು, ನೀರು

ಸರಿ, ಬೂಟಿನ ವಿಚಾರಕ್ಕೂ ಬರೋಣ. ಒಳ್ಳೆಯ ದಾರಿಯಲ್ಲಿ ಒಂದು ದಿನಕ್ಕೆ, ಹಗುರ ಬ್ಯಾಗಿಗೆ, ಹಿಡಿತ ಇರುವ ಸಾಧಾರಣ ಓಟದ ಶೂ ಸಾಕು. ಹೊಸ ಬೂಟು ಅಂಗಡಿಯಿಂದ ನೇರ ಕಾಡಿಗೆ ಬೇಡ. ಬೆರಳ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಬೇಕು, ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ. ಇಳಿಜಾರು ಶುರುವಾಗುವ ಮೊದಲು ನಿಂತು ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ. ಹಿಂದಿನ ರಾತ್ರಿ ಕಾಲಿನ ಉಗುರು ಕತ್ತರಿಸಿ. ಪಾದದಲ್ಲಿ ಎಲ್ಲೋ ಬಿಸಿ ಬಿಸಿ ಅನಿಸಿದ ಕೂಡಲೇ ಕೂತು ಟೇಪ್ ಅಂಟಿಸಿ. ಗುಳ್ಳೆ ಎದ್ದ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. "ಮುಂದಿನ ನೆರಳಲ್ಲಿ ನೋಡ್ತೀನಿ" ಅನ್ನುವವರೇ ಸಂಜೆ ಕುಂಟುವುದು.

ಬಟ್ಟೆ ಹತ್ತಿಯದು ಬೇಡ, ಅದರಲ್ಲೂ ಚಳಿ ಬೆಟ್ಟಕ್ಕೆ. ಹತ್ತಿ ಒದ್ದೆಯಾದರೆ ಬೇಗ ಒಣಗದು, ಮೈಯ ಶಾಖವನ್ನೆಲ್ಲ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಬ್ಯಾಗಿನಲ್ಲಿ ಮಳೆ ಕೋಟು, ಒಂದು ಬೆಚ್ಚನೆ ಪದರ, ತಲೆಗೆ ಕಟ್ಟುವ ಟಾರ್ಚು, ಸೀಟಿ, ಟೇಪು, ಬೇಕಾದ ಔಷಧಿ, ಮತ್ತು ತಿನ್ನಲು ಬೇಕಾದದ್ದಕ್ಕಿಂತ ಒಂದು ಹೊತ್ತಿನಷ್ಟು ಹೆಚ್ಚು. ಟಾರ್ಚು ಹಗಲಿನ ನಡಿಗೆಗೂ ಬೇಕು. ಫೋನಿನ ಟಾರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಷ್ಟ ಬಂದಾಗ ಅದೇ ಬ್ಯಾಟರಿ ಕರೆ ಮಾಡಲೂ ಬೇಕಾಗುತ್ತದೆ.

ಸಾಧಾರಣ ಹವೆಯಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಅಂತ ಹಿಡಿಯಿರಿ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ತೊಂದರೆ. ರಕ್ತದಲ್ಲಿ ಉಪ್ಪು ತೆಳುವಾಗಿ ತಲೆನೋವು, ವಾಂತಿ, ಗಲಿಬಿಲಿ ಶುರುವಾಗುತ್ತದೆ. ಜೊತೆಗೆ ಉಪ್ಪಿನ ತಿಂಡಿ ಇರಲಿ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಜಿಯಾರ್ಡಿಯಾದಂಥ ಪರಾವಲಂಬಿ ಕಣ್ಣಿಗೆ ಕಾಣದು. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲೆ ಮೂರು ನಿಮಿಷ ಕುದಿಸಿದರೆ ಸಾಕು. ಒಂದು ದಿನದ ನಡಿಗೆಗೆ ಒಲೆ ಯಾಕೆ, ಫಿಲ್ಟರ್ ಇಟ್ಟುಕೊಳ್ಳಿ.

ಗುಂಪು

ಎಲ್ಲರಿಗಿಂತ ನಿಧಾನ ಇರುವವರ ವೇಗವೇ ಗುಂಪಿನ ವೇಗ. ಬಾಯಲ್ಲಿ ಒಪ್ಪುತ್ತಾರೆ, ದಾರಿಯಲ್ಲಿ ಮರೆಯುತ್ತಾರೆ. ಮುಂದಿದ್ದವರು ನಿಂತು ಕಾಯುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರಿದ ಕೂಡಲೇ "ಸರಿ ಹೊರಡೋಣ" ಅನ್ನುತ್ತಾರೆ. ಅಂದರೆ ವಿಶ್ರಾಂತಿ ಸಿಕ್ಕಿದ್ದು ಬೇಡದವರಿಗೆ! ಕೊನೆಯವರು ಬಂದ ಮೇಲೆ ಐದು ನಿಮಿಷ ಎಲ್ಲರೂ ಕೂರಬೇಕು. ಗಟ್ಟಿಗರಲ್ಲಿ ಒಬ್ಬರು ಕೊನೆಯಲ್ಲೇ ನಡೆಯಬೇಕು, ಅವರ ಹಿಂದೆ ಯಾರೂ ಇರಬಾರದು. ಕವಲಿನಲ್ಲಿ ಪೂರ್ತಿ ಗುಂಪು ಸೇರುವ ತನಕ ಯಾರೂ ಮುಂದೆ ಹೋಗಬಾರದು. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ ಅಂತ ಅರ್ಥ.

ಬ್ಲೂಟೂತ್ ಸ್ಪೀಕರ್ ತರುವವರ ಬಗ್ಗೆ ಏನೂ ಬರೆಯುವುದಿಲ್ಲ. ಅವರನ್ನು ನಾನು ಎರಡನೇ ಸಲ ಕರೆಯುವುದಿಲ್ಲ.

ಉಳಿದ ಎರಡು ಗಂಟೆ

ಈಗ ನಾನು ನಡೆಯುವುದು ಯಾವುದಕ್ಕೋ ಅದಕ್ಕೆ ಬಂದೆವು. ದಾರಿಯಿಂದ ಸ್ವಲ್ಪ ಸರಿದು, ಬೆನ್ನಿಗೆ ಮರವೋ ಬಂಡೆಯೋ ಇರುವ ಕಡೆ ಕೂರಿ. ಕೂರುವ ಮುಂಚೆ ಕಲ್ಲಿನ ಸಂದು, ಎಲೆರಾಶಿ ನೋಡಿಕೊಳ್ಳಿ. ಇಪ್ಪತ್ತು ನಿಮಿಷ ಮಾತಿಲ್ಲ, ಫೋನಿಲ್ಲ. ನೀವು ಬಂದಾಗ ಸುಮ್ಮನಾಗಿದ್ದ ಹಕ್ಕಿಗಳು ಮೆಲ್ಲಗೆ ಮತ್ತೆ ಶುರು ಮಾಡುತ್ತವೆ. ಮೊದಲು ಚಿಕ್ಕವು, ಆಮೇಲೆ ನೆಲ ಕೆದಕುವವು. ಅಳಿಲು ಬರುತ್ತದೆ. ಅಷ್ಟರಲ್ಲಿ ಎಲ್ಲಾ ಹಕ್ಕಿಗಳೂ ಒಂದೇ ದಿಕ್ಕಿಗೆ ಗಲಾಟೆ ಮಾಡಿದರೆ ಅಲ್ಲಿ ಹಾವೋ ಗೂಬೆಯೋ ಗಿಡುಗವೋ ಇದೆ ಅಂತ ತಿಳಿಯಿರಿ. ದುರ್ಬೀನು ಆ ಕಡೆ ತಿರುಗಿಸಿ. ಕೊಳ್ಳುವುದಾದರೆ 8x42 ಅಂತ ಬರೆದದ್ದು ಕೊಳ್ಳಿ. 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಹಾಗಾಗಿ ಮಬ್ಬು ಬೆಳಕಿನಲ್ಲೂ ಕಾಣುತ್ತದೆ. 12 ಪಟ್ಟಿನದು ಒಳ್ಳೇದಲ್ವಾ ಅಂತ ಕೇಳುತ್ತಾರೆ. ಕೈ ನಡುಗಿದರೆ ಅದೂ 12 ಪಟ್ಟು ನಡುಗುತ್ತದೆ.

ನೆಲ ನೋಡುವುದು ನನಗೆ ಇನ್ನೂ ಇಷ್ಟ. ಬೆಳಗಿನ ಓರೆ ಬಿಸಿಲಿನಲ್ಲಿ ಹೆಜ್ಜೆ ಗುರುತು ಎದ್ದು ಕಾಣುತ್ತದೆ, ಮಧ್ಯಾಹ್ನ ಅದೇ ಗುರುತು ಮಾಯ. ಬೆಳಕು ಬರುವ ಕಡೆಗೆ ಮುಖ ಮಾಡಿ, ಕುಕ್ಕರಗಾಲಲ್ಲಿ ಕೂತು ನೋಡಿ. ನಾಲ್ಕು ಬೆರಳು, ನಡುವೆ ದೊಡ್ಡ ಅಂಗಾಲಿನ ದಿಂಬು. ಬೆರಳ ಮುಂದೆ ಉಗುರಿನ ಚುಕ್ಕಿ ಇದ್ದರೆ ನಾಯಿ, ತೋಳ, ನರಿ ಜಾತಿ. ಉಗುರು ಕಾಣದೇ ಇದ್ದರೆ ಬಹುಮಟ್ಟಿಗೆ ಬೆಕ್ಕಿನ ಜಾತಿ, ಅವು ಉಗುರನ್ನು ಒಳಗೆ ಎಳೆದುಕೊಂಡು ನಡೆಯುತ್ತವೆ. ಚಿರತೆ, ಹುಲಿ, ಪೂಮಾ ಎಲ್ಲ ಹೀಗೇ.

ಒಮ್ಮೆ ರಾತ್ರಿ ಮಳೆ ಬಂದು ನಿಂತ ಬೆಳಿಗ್ಗೆ ಹೀಗೊಂದು ದೊಡ್ಡ ಬೆಕ್ಕಿನ ಜಾತಿಯ ಗುರುತು ಸಿಕ್ಕಿತ್ತು. ಸುತ್ತಲಿನ ಮಣ್ಣಿನ ಮೇಲೆಲ್ಲ ಹನಿ ಬಿದ್ದ ಪುಟ್ಟ ಗುಳಿಗಳು. ಗುರುತಿನ ಒಳಗೆ ಮಾತ್ರ ಒಂದೂ ಗುಳಿ ಇಲ್ಲ, ನುಣ್ಣಗೆ. ಅಂಚು ಚೂಪಾಗಿತ್ತು, ಮಣ್ಣಿನ ಹರಳೊಂದೂ ಒಳಗೆ ಉದುರಿರಲಿಲ್ಲ. ಅಂದರೆ ಮಳೆ ನಿಂತ ಮೇಲೆ ನಡೆದದ್ದು. ಮಳೆ ನಿಂತಿದ್ದು ಯಾವಾಗ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗಿನ ಜಾವ. ಆಮೇಲೆ ಗುಂಪಿನಲ್ಲಿ ಯಾರಿಗೂ "ಕೊನೆಯವರು ಹಿಂದೆ ಉಳೀಬೇಡಿ" ಅಂತ ಹೇಳಬೇಕಾಗಲಿಲ್ಲ.

ಪ್ರಾಣಿ ಎದುರಾದರೆ ಏನು ಮಾಡಬೇಕು ಅನ್ನುವುದು ಯಾವ ಪ್ರಾಣಿ ಅನ್ನುವುದರ ಮೇಲೆ ನಿಂತಿದೆ, ಅದಕ್ಕೇ ರೇಂಜರನ್ನು ಮೊದಲೇ ಕೇಳಿ ಅಂದದ್ದು. ಪೂಮಾದಂಥ ದೊಡ್ಡ ಬೆಕ್ಕಾದರೆ ಓಡಬಾರದು, ಬೆನ್ನು ಹಾಕಬಾರದು, ಬಗ್ಗಬಾರದು. ಓಡಿದರೆ ಅಟ್ಟಿಸಿಕೊಂಡು ಬರುವುದು ಅದರ ಸಹಜ ಗುಣ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಕೈ ಮೇಲೆತ್ತಿ ದೊಡ್ಡದಾಗಿ ಕಾಣುವಂತೆ ನಿಂತು, ಗಟ್ಟಿಯಾಗಿ ಮಾತಾಡುತ್ತಾ ನಿಧಾನ ಹಿಂದೆ ಸರಿಯಬೇಕು. ಕರಡಿಯ ವಿಷಯದಲ್ಲಿ ಜಾತಿಯಿಂದ ಜಾತಿಗೆ ಸಲಹೆ ಬೇರೆ. ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳಗಳಿಂದ ಕನಿಷ್ಠ 91 ಮೀಟರ್, ಬೈಸನ್ (ಅಮೆರಿಕದ ಕಾಡೆಮ್ಮೆ), ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಮುಂತಾದವುಗಳಿಂದ 23 ಮೀಟರ್ ದೂರ ಇರಲೇಬೇಕು. ಅಲ್ಲಿ ಜನರನ್ನು ಜಾಸ್ತಿ ಗಾಯಗೊಳಿಸಿರುವುದು ಕರಡಿಯಲ್ಲ, ಸಾಧುವಾಗಿ ಹುಲ್ಲು ಮೇಯುತ್ತಾ ನಿಂತ ಬೈಸನ್. ಸೆಲ್ಫಿಗೆ ಹತ್ತಿರ ಹೋದವರ ಕಡೆ ಅದು ಮನುಷ್ಯನಿಗಿಂತ ಮೂರು ಪಟ್ಟು ವೇಗವಾಗಿ ಓಡಿ ಬರಬಲ್ಲದು.

ಕೈ ಚಾಚಿ ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಮರೆಯಾಗದಿದ್ದರೆ ನೀವು ಹತ್ತಿರ ಇದ್ದೀರಿ. ಅದು ಮೇಯುವುದು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ನೋಡಿದರೂ ಅಷ್ಟೆ, ಹಿಂದೆ ಸರಿಯಿರಿ. ತಿಂಡಿ ಹಾಕುವುದಂತೂ ಬೇಡವೇ ಬೇಡ. ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿ ಜನರ ಮೇಲೆ ಬೀಳಲು ಶುರು ಮಾಡುತ್ತದೆ. ಕೊನೆಗೆ ಜೀವ ಕಳೆದುಕೊಳ್ಳುವುದು ಅದೇ.

ಆಕಾಶ ಮತ್ತು ನೀರು

ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗೆ 20 ಇದ್ದರೆ ಮೇಲೆ 13ರ ಹತ್ತಿರ, ಅದರ ಮೇಲೆ ಗಾಳಿ, ಒದ್ದೆ ಬಟ್ಟೆ. ಹಿಮ ಬೀಳದ ಹವೆಯಲ್ಲೂ ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು. ಜೊತೆಯವರು ಮಾತು ತೊದಲಿದರೆ, ಎಡವಿದರೆ, ಜಿಪ್ ಹಾಕಲು ಬೆರಳು ಆಡದಿದ್ದರೆ "ಸುಸ್ತಾಗಿದೆ" ಅಂತ ಬಿಡಬೇಡಿ. ಒದ್ದೆ ಬಟ್ಟೆ ಬದಲಿಸಿ, ಗಾಳಿಯಿಂದ ಮರೆ ಮಾಡಿ, ಸಿಹಿ ತಿನ್ನಿಸಿ.

ಬೆಟ್ಟಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಕಂಡು ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ತುದಿ, ಏಣು, ಒಂಟಿ ಮರ ಬಿಟ್ಟು ಕೆಳಗಿಳಿಯಿರಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾಯಿರಿ. ಹನ್ನೆರಡೂವರೆಗೆ ತಿರುಗುವ ಹೊತ್ತು ಇಟ್ಟವರಿಗೆ ಈ ಎಣಿಕೆಯ ಕೆಲಸ ಬೀಳುವುದೇ ಅಪರೂಪ.

ಕಿರಿದಾದ ಬಂಡೆಗಣಿವೆಗಳಲ್ಲಿ ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು. ಅಮೆರಿಕದ ಜಾಯನ್ ಉದ್ಯಾನದ ನ್ಯಾರೋಸ್‌ನಂಥ ಕಡೆ ದೂರದಲ್ಲೆಲ್ಲೋ ಸುರಿದ ಮಳೆ ನೀಲಿ ಆಕಾಶದ ಕೆಳಗೇ ಪ್ರವಾಹವಾಗಿ ಬರುತ್ತದೆ. ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ತೇಲಿ ಬಂದರೆ ತಕ್ಷಣ ಎತ್ತರಕ್ಕೆ ಹತ್ತಿ. ತೊರೆ ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಬ್ಯಾಗನ್ನು ಕಳಚಿ ಬಿಡಲು ಆಗಬೇಕು. ಸೆಳೆತದ ನೀರು ಮಂಡಿಗಿಂತ ಮೇಲಿದ್ದರೆ ದಾಟಬೇಡಿ. ಹಿಂದಿರುಗಿ. ಸಮಯ ಇಟ್ಟುಕೊಂಡಿದ್ದೀರಲ್ಲ.

ದಾರಿ ಬಿಡಬೇಡಿ, ಏನನ್ನೂ ಬಿಡಬೇಡಿ

ದಾರಿ ಬಿಟ್ಟು ನಡೆಯಬೇಡಿ ಅನ್ನುವ ನಿಯಮ ಸುಮ್ನೆ ಹಾಕಿದ್ದಲ್ಲ. ಅಮೆರಿಕದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಗಳ ಮರಳುನೆಲದ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಒಂದು ಪದರ ಇರುತ್ತದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮಣ್ಣನ್ನು ಹಿಡಿದಿಟ್ಟ ಜೀವಂತ ಪದರ ಅದು. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಬೆಳೆಯಲು ದಶಕಗಳೇ ಬೇಕು. ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಗಳ ಸುತ್ತ ತೆಳುವಾದ ನೆಲದ ಕೆಳಗೇ ಕುದಿಯುವ ನೀರು. ಹಲಗೆ ದಾರಿ ಬಿಟ್ಟು ಇಳಿದು ಜನ ಸತ್ತಿದ್ದಾರೆ. ಕೆಸರಿನ ದಾರಿಯಲ್ಲಿ ಪಕ್ಕದ ಹುಲ್ಲಿನ ಮೇಲೆ ನಡೆದರೆ ಮುಂದಿನ ವರ್ಷ ದಾರಿ ಎರಡು ಪಟ್ಟು ಅಗಲ. ಕೆಸರಿನಲ್ಲೇ ನಡೆಯಿರಿ, ಬೂಟು ತೊಳೆದರೆ ಆಯಿತು.

ಶೌಚ ಯಾರೂ ಹೇಳಿಕೊಡದ ವಿಷಯ. ನೀರು, ದಾರಿ ಎರಡರಿಂದಲೂ 60 ಮೀಟರ್, ಅಂದರೆ ದೊಡ್ಡವರ ಎಪ್ಪತ್ತು ಹೆಜ್ಜೆ ದೂರ ಹೋಗಿ. 15ರಿಂದ 20 ಸೆಂಟಿಮೀಟರ್ ಆಳ ಗುಂಡಿ ತೆಗೆದು, ಮುಗಿಸಿ, ಮಣ್ಣು ಮುಚ್ಚಿ. ಟಿಶ್ಯೂ, ಪ್ಯಾಡು ಹೂಳಬೇಡಿ, ಗಟ್ಟಿ ಚೀಲದಲ್ಲಿ ವಾಪಸ್ ತನ್ನಿ. ಮರುಭೂಮಿ, ಹಿಮದ ಪ್ರದೇಶಗಳ ಕೆಲವು ಉದ್ಯಾನಗಳಲ್ಲಿ ಎಲ್ಲವನ್ನೂ ಹೊತ್ತು ತರಬೇಕು, ಅದಕ್ಕೆಂದೇ ಚೀಲ ಸಿಗುತ್ತದೆ. ಹಣ್ಣಿನ ಸಿಪ್ಪೆಯನ್ನೂ ಎಸೆಯಬೇಡಿ. ಕೊಳೆಯುವ ವಸ್ತು ತಾನೇ ಅಂತ ವಾದ ಮಾಡುತ್ತಾರೆ. ಚಳಿ ಬೆಟ್ಟದಲ್ಲಿ, ಒಣ ನೆಲದಲ್ಲಿ ಕೊಳೆಯಲು ತಿಂಗಳುಗಟ್ಟಲೆ ಬೇಕು.

ದಾರಿ ತಪ್ಪಿತು ಅನಿಸಿದರೆ

ಅನಿಸಿದ ಆ ಕ್ಷಣಕ್ಕೇ ನಿಲ್ಲಿ. ಇನ್ನೊಂದು ತಿರುವು ನೋಡೋಣ ಅಂತ ಮುಂದೆ ಹೋಗುವುದೇ ಕೆಡಿಸುವುದು. ಕೂತು ನೀರು ಕುಡಿಯಿರಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ಆಯಿತು ಅಂತ ಲೆಕ್ಕ ಹಾಕಿ. ಬಂದ ದಾರಿ ಸ್ಪಷ್ಟವಾಗಿದ್ದರೆ ಅದರಲ್ಲೇ ಅಲ್ಲಿಗೆ ವಾಪಸ್. ಸ್ಪಷ್ಟ ಇಲ್ಲದಿದ್ದರೆ ಅಲ್ಲೇ ಇರಿ. ತೊರೆ ಹಿಡಿದು ಇಳಿದರೆ ಊರು ಸಿಗುತ್ತೆ ಅನ್ನುವ ಮಾತು ನಂಬಬೇಡಿ, ತೊರೆಗಳು ಜಲಪಾತವಾಗಿಯೂ ಇಳಿಯುತ್ತವೆ. ಸೀಟಿಯನ್ನು ಮೂರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ. ಯುರೋಪಿನ ಆಲ್ಪ್ಸ್ ಕಡೆ ನಿಮಿಷಕ್ಕೆ ಆರು ಸಲ ಊದುವುದು ರೂಢಿ. ಗಂಟಲು ಒಂದು ಗಂಟೆಯಲ್ಲಿ ಕಟ್ಟುತ್ತದೆ, ಸೀಟಿ ಕಟ್ಟುವುದಿಲ್ಲ. ತೆರೆದ ಜಾಗದಲ್ಲಿ ಬಣ್ಣದ ಬಟ್ಟೆ ಹರಡಿ. ಗುಂಪು ಒಡೆಯಬೇಡಿ.

ಇದೆಲ್ಲ ಕೆಲಸಕ್ಕೆ ಬರುವುದು ಹೊರಗಿನವರೊಬ್ಬರಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಿದ್ದರೆ. ಹೊರಡುವ ಮೊದಲು ಮನೆಯಲ್ಲೋ ಸ್ನೇಹಿತರಲ್ಲೋ ಒಬ್ಬರಿಗೆ ಕಳಿಸಿ: ಉದ್ಯಾನದ ಹೆಸರು, ದಾರಿಯ ಹೆಸರು, ಎಷ್ಟು ಜನ, ಗಾಡಿಯ ನಂಬರು, ಹೊರಗೆ ಬರುವ ಹೊತ್ತು. ಜೊತೆಗೆ "ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ" ಅಂತ ಉದ್ಯಾನದ ತುರ್ತು ಸಂಖ್ಯೆ. ಬರೀ "ಟ್ರೆಕ್ಕಿಂಗ್ ಹೋಗ್ತಿದ್ದೀನಿ" ಅಂದರೆ ಹುಡುಕುವವರು ಎಲ್ಲಿಂದ ಶುರು ಮಾಡಬೇಕು?

ಸಂಜೆ ಗಾಡಿಯ ಹತ್ತಿರ ಬಂದ ಮೇಲೆ ಎರಡು ಕೆಲಸ ಬಾಕಿ. ಗೇಟಿನ ಪುಸ್ತಕದಲ್ಲಿ ಹೆಸರು ಬರೆದಿದ್ದರೆ ಹೊರಬಂದ ಸಮಯ ಹಾಕಿ, ಸಂದೇಶ ಕಳಿಸಿದವರಿಗೆ ಬಂದೆವು ಅಂತ ತಿಳಿಸಿ. ಆಮೇಲೆ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ಉಣುಗು ಹತ್ತಿದೆಯಾ ನೋಡಿ. ಹತ್ತಿದ್ದರೆ ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಚೂಪು ಚಿಮ್ಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಜಾಗವನ್ನು ಸೋಪು ಹಾಕಿ ತೊಳೆಯಿರಿ, ಅವತ್ತಿನ ತಾರೀಖು ಬರೆದಿಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ, ಕೆಂಪು ದದ್ದು ಹರಡಿದರೆ ಡಾಕ್ಟರಿಗೆ ಆ ತಾರೀಖು, ಉಣುಗು ಕಚ್ಚಿದ್ದು ಎರಡನ್ನೂ ಹೇಳಿ.